ಡಿವಿಡಿ ಬರ್ನ್ ಅರ್ಧಕ್ಕ ಯಾಕ ಕೆಡ್ತದ? ನಮ್ಮ ಮದುವಿ ಡಿಸ್ಕಿನ ಇತಿಹಾಸ

ಹಪ್ಪಳ, ಸಂಡಿಗಿ, ಉಪ್ಪಿನಕಾಯಿ ಮುಗದ್ವು. ಈ ಸಲ ಕಪಾಟಿನಾಗಿನ ಇನ್ನೊಂದು ಸಾಮಾನಿನ ಕಥಿ ಹೇಳ್ತೀನಿ. ಉಪ್ಪಿನಕಾಯಿ ಹಂಗ ಅದೂ ಇಟ್ಟಲ್ಲೇ ಕೆಡ್ತದ. ಅದು ನಮ್ಮ ಮದುವಿ, ಮುಂಜಿವಿ, ಕುಬಸದ ಡಿವಿಡಿ.

2000ನೇ ಇಸವಿಯಿಂದ ಮುಂದ ಹದಿನೈದು ವರ್ಷದಾಗ ಮದುವಿ ಆದೋರ ಮನ್ಯಾಗ ಇಂಥಾ ಒಂದೆರಡು ಡಬ್ಬಿ ಇದ್ದ ಇರ್ತಾವ. ಅದರಾಗ ಬರೇ ಅಕ್ಷತಿ, ಆರತಿ ಇರೂದಿಲ್ಲ. ಸುರಗಿ ನೀರು ಹಾಕುವಾಗ, ಬೀಗರ ಊಟಕ್ಕ ಕೂತಾಗ ನಮ್ಮ ಅಜ್ಜಿಗೋಳು, ಅತ್ತಿಗೋಳು ಹಾಡಿದ ಹಾಡು ಇರ್ತಾವ. ಎಡಿಟ್ ಮಾಡೋರು ಮುಕ್ಕಾಲು ಭಾಗ ಸಿನಿಮಾ ಹಾಡು ಹಾಕಿ ಮುಚ್ಚಿದ್ರೂ, ಎಲ್ಲೋ ಐದು ಮಿನಿಟು ಖರೇ ದನಿ ಉಳದಿರ್ತದ. ಆ ಹಾಡು ಯಾವ ಪುಸ್ತಕದಾಗೂ ಬರದಿಟ್ಟಿಲ್ಲ. ಹಾಡಿದೋರ ಪೈಕಿ ಭಾಳ ಮಂದಿ ಈಗಿಲ್ಲ. ಅದಕ್ಕ ಮಕ್ಕಳು ಒಂದು ಕಾಪಿ ಕಳಸು ಅಂದಾಗ ನಾವು ಹಳೇ ಕಂಪ್ಯೂಟರ್ ತಗದು, ಖಾಲಿ ಡಿವಿಡಿ ಹಾಕಿ, ಬರ್ನ್ ಒತ್ತತೀವಿ. ಎಂಬತ್ತು ಪರ್ಸೆಂಟ್ ತನಕಾ ಹೋಗಿ ನಿಂತ ಬಿಡ್ತದ. ಎರಡನೇ ಡಿಸ್ಕ್ ಹಾಕಿದ್ರ ಶುರೂನ ಆಗೂದಿಲ್ಲ, "ಪವರ್ ಕ್ಯಾಲಿಬ್ರೇಶನ್ ಎರರ್" ಅಂತ ಬರ್ತದ.

ಇದು ಯಾಕ ಹಿಂಗ ಅಂತ ತಿಳೀಬೇಕಂದ್ರ ಡಿಸ್ಕ್ ಹುಟ್ಟಿದ ಕಥಿ ತಿಳೀಬೇಕು.

ಕೊರದದ್ದು ಬ್ಯಾರೆ, ಮದರಂಗಿ ಬ್ಯಾರೆ

ಸಿಡಿ ಪೇಟೆಗೆ ಬಂದದ್ದು 1982ರಾಗ. ಜಪಾನಿನ ಸೋನಿ, ಹಾಲೆಂಡಿನ ಫಿಲಿಪ್ಸ್ ಎರಡೂ ಕೂಡಿ ಮಾಡಿದ್ದು. 12 ಸೆಂಟಿಮೀಟರ್ ಅಗಲ, 1.2 ಮಿಲಿಮೀಟರ್ ದಪ್ಪ. ಆವಾಗ ಅದು ಬರೇ ಕಾರಖಾನ್ಯಾಗ ಅಚ್ಚು ಒತ್ತಿ ಮಾಡೋ ಸಾಮಾನು. ಕಣ್ಣಿಗೆ ಕಾಣದಷ್ಟು ಸಣ್ಣ ತಗ್ಗು ಒತ್ತಿ, ಮ್ಯಾಲೆ ಹೊಳಿಯೋ ಲೋಹದ ಪದರ ಕೊಡ್ತಿದ್ರು. ನಾವು ಸ್ಟೀಲ್ ಪಾತ್ರಿ ಮ್ಯಾಲೆ ಹೆಸರು ಕೊರಸ್ತೀವಲ್ಲಾ, ಹಂಗ. ಪಾತ್ರಿ ಇರೂ ತನಕಾ ಹೆಸರು ಇರ್ತದ. ಅಂಗಡ್ಯಾಗ ತಂದ ಸಿನಿಮಾ ಡಿವಿಡಿನೂ ಇದೇ ಜಾತಿ.

ಮನ್ಯಾಗ ಬರಿಯೋ ಸಿಡಿ ಬ್ಯಾರೆ. 1988ರಾಗ ಜಪಾನಿನ ತೈಯೋ ಯೂಡೆನ್ ಕಂಪನಿಯವರು ಅದನ್ನ ಮಾಡಿ ತೋರಿಸಿದ್ರು. 1990ರಾಗ ಅದರ ನಿಯಮದ ಪುಸ್ತಕ ಬಂತು, ಅದಕ್ಕ ಆರೆಂಜ್ ಬುಕ್ ಅಂತ ಹೆಸರು. ಇಲ್ಲೆ ತಗ್ಗು ಒತ್ತೂದಿಲ್ಲ, ಪ್ಲಾಸ್ಟಿಕ್ ಮತ್ತು ಲೋಹದ ನಡುವ ಒಂದು ಬಣ್ಣದ ಪದರ ಹಚ್ಚಿರ್ತಾರ. ಮೊದಮೊದಲಿನ ಸಿಡಿಗಳಿಗೆ ನೀಲಿ ಬಣ್ಣ, ಹಿಂದ ಬಂಗಾರದ ಪದರ. ಎರಡೂ ಕೂಡಿ ಹಸರು ಕಾಣ್ತಿತ್ತು. ಬರಿಯೋ ಡಿವಿಡಿ ಹೊಳ್ಳಿಸಿ ನೋಡಿದ್ರ ನೇರಳೆ ಛಾಯೆ ಕಾಣ್ತದ. ಲೇಸರ್ ಬೆಳಕು ಆ ಬಣ್ಣನ ಚುಕ್ಕಿ ಚುಕ್ಕಿಯಾಗಿ ಸುಡ್ತದ. ಸುಟ್ಟಲ್ಲೆ ಬೆಳಕು ಕಡಿಮಿ ತಿರುಗಿ ಬರ್ತದ, ಸುಡದಲ್ಲೆ ಹೆಚ್ಚು. ಆ ವ್ಯತ್ಯಾಸನ ನಮ್ಮ ಹಾಡು, ನಮ್ಮ ಫೋಟೋ. "ಬರ್ನ್" ಅನ್ನೋ ಮಾತು ಬಂದದ್ದೂ ಇದರಿಂದನ.

ಅಂದ್ರ ನಮ್ಮ ಮದುವಿ ಡಿಸ್ಕ್ ಪಾತ್ರಿ ಮ್ಯಾಲಿನ ಹೆಸರಲ್ಲ, ಅಂಗೈ ಮ್ಯಾಲಿನ ಮದರಂಗಿ. ಬಿಸಲು, ಸೆಕಿ ಬಿದ್ರ ಮಾಸ್ತದ.

ಮಕ್ಕಳ ಜಗಳ, ಜಿಲೇಬಿ ದಾರ

1996ರ ಕೊನಿಗೆ ಜಪಾನಿನಾಗ ಡಿವಿಡಿ ಬಂತು. ಸಿಡಿಯೊಳಗ 700 ಎಂಬಿ ಹಿಡದ್ರ ಇದರೊಳಗ 4.7 ಜಿಬಿ. ಸಿಡಿಗೆ 780 ನ್ಯಾನೋಮೀಟರಿನ ಲೇಸರ್, ಡಿವಿಡಿಗೆ ಅದಕ್ಕಿಂತ ಸಣ್ಣ ಅಲಿಯ 650 ನ್ಯಾನೋಮೀಟರಿನ ಕೆಂಪು ಲೇಸರ್. ಈ ಎರಡು ಅಂಕಿ ನೆನಪಿಡ್ರಿ, ಮುಂದ ಉಪಯೋಗ ಅದ.

1997ರಾಗ ಪಯೋನಿಯರ್ ಕಂಪನಿ ಬರಿಯೋ ಡಿವಿಡಿ ತಂತು, ಅದು "ಡಿವಿಡಿ ಮೈನಸ್ ಆರ್". 2002ರಾಗ ಸೋನಿ, ಫಿಲಿಪ್ಸ್ ಇದ್ದ ಇನ್ನೊಂದು ಗುಂಪು "ಡಿವಿಡಿ ಪ್ಲಸ್ ಆರ್" ತಂತು. ಒಂದ ಮನಿಯ ಇಬ್ಬರು ಮಕ್ಕಳು ಜಗಳಾಡಿಧಂಗ ಆತು. ಒಂದರ ಡ್ರೈವ್‌ನಾಗ ಇನ್ನೊಂದು ನಡೀತಿದ್ದಿಲ್ಲ. ಆಮ್ಯಾಲೆ ಎರಡನ್ನೂ ಬರಿಯೋ ಡ್ರೈವ್ ಬಂದು ಜಗಳ ತಣ್ಣಗಾತು. ನಿಮ್ಮದು ಭಾಳ ಹಳೇ ಡ್ರೈವ್ ಇದ್ರ ಅದರ ಬಾಗಿಲ ಮ್ಯಾಲಿನ ಚಿಹ್ನೆ ಒಮ್ಮೆ ನೋಡ್ರಿ.

ಆವಾಗಿನ ಇನ್ನೊಂದು ತ್ರಾಸು ಅಂದ್ರ ನಡುವ ನಿಲ್ಲೂದು. ಜಿಲೇಬಿ ಬಿಡುವಾಗ ಕೈ ನಿಂತ್ರ ದಾರ ಹರೀತದಲ್ಲಾ, ಹಂಗ ಕಂಪ್ಯೂಟರ್ ಒಂದು ಕ್ಷಣ ತಡವರಿಸಿದ್ರ ಸಿಡಿ ಕೆಡ್ತಿತ್ತು. ಬರ್ನ್ ಮಾಡುವಾಗ ಮೌಸ್ ಮುಟ್ಟಬ್ಯಾಡ್ರಿ ಅಂತಿದ್ದದ್ದು ಅದಕ್ಕ. ಕೆಟ್ಟ ಡಿಸ್ಕು ಚಹಾ ಕಪ್ಪಿನ ಕೆಳಗ ಇಡಲಿಕ್ಕೆ ಆಗ್ತಿದ್ದವು. 2000ದಾಗ ಸಾನ್ಯೋ ಕಂಪನಿ ಇದಕ್ಕ ಉಪಾಯ ತಂತು. ಸಾಮಾನು ತೀರಿದ್ರ ಲೇಸರ್ ನಿಲ್ತದ, ಬಂದ ಮ್ಯಾಲೆ ನಿಂತಲ್ಲಿಂದನ ಮುಂದುವರಸ್ತದ. ಮುಂದ ಎಲ್ಲಾ ಕಂಪನಿಯವರೂ ಇಂಥದ್ದ ಹಾಕಿದ್ರು. ಅದಕ್ಕ ನಮ್ಮ ಡಿವಿಡಿ ಡ್ರೈವ್ ಅರ್ಧಕ್ಕ ನಿಂತ್ರ ಮೌಸ್ ಮುಟ್ಟಿದೋರನ್ನ ಬಯ್ಯಬ್ಯಾಡ್ರಿ. ಕಾರಣ ಬ್ಯಾರೆ ಇರ್ತದ.

ನೋಯ್ಡಾದಿಂದ ನಮ್ಮ ಅಂಗಡಿಗೆ

ನಮ್ಮ ದೇಶದಾಗ ಈ ಕಥಿಗೆ ಒಂದು ದೊಡ್ಡ ಹೆಸರು ಮೋಸರ್ ಬೇರ್. 1983ರಾಗ ಶುರೂ ಆದ ಕಂಪನಿ, ಸಿಡಿಗಿಂತ ಮೊದಲು ಫ್ಲಾಪಿ ಮಾಡ್ತಿತ್ತು, 1999ರಾಗ ಬರಿಯೋ ಸಿಡಿ ಶುರು ಮಾಡ್ತು. ನೋಯ್ಡಾದಾಗ ಮಾಡಿದ ಡಿಸ್ಕು ಹೊರದೇಶಕ್ಕೂ ಹೋಗ್ತಿದ್ದವು. ಮುಂದ ಸಿನಿಮಾ ಡಿಸ್ಕಿಗೂ ಕೈ ಹಾಕಿ, ವಿಸಿಡಿ 28 ರೂಪಾಯಿಗೆ, ಡಿವಿಡಿ 34 ರೂಪಾಯಿಗೆ ಮಾರಲಿಕ್ಕೆ ಹತ್ತಿದ್ದು ನಿಮಗೂ ನೆನಪಿರಬೇಕು. ಕನ್ನಡ ಸಿನಿಮಾನೂ ಹಂಗ ಸೋವಿಯಾಗಿ ಮನಿಗೆ ಬಂದ್ವು.

ಆಮ್ಯಾಲೆ ಪೆನ್‌ಡ್ರೈವ್, ಮೊಬೈಲ್, ಇಂಟರ್ನೆಟ್ ಬಂದು ಡಿಸ್ಕಿನ ಕಾಲ ಇಳೀತು. ಬರಿಯೋ ಸಿಡಿಯನ್ನ ಹುಟ್ಟಿಸಿದ ತೈಯೋ ಯೂಡೆನ್ 2015ರ ಕೊನಿಗೆ ಡಿಸ್ಕ್ ವ್ಯಾಪಾರ ಬಿಟ್ತು. ಮೋಸರ್ ಬೇರ್ 2018ರಾಗ ಮುಚ್ಚೋ ಆದೇಶಕ್ಕ ಬಂತು. 2025ರ ಫೆಬ್ರುವರಿಗೆ ಸೋನಿ ಖಾಲಿ ಬ್ಲೂ-ರೇ ಡಿಸ್ಕ್ ಮಾಡೂದೂ ನಿಲ್ಲಿಸ್ತು.

ಇದಕ್ಕೂ ನಮ್ಮ ಕೆಟ್ಟ ಬರ್ನಿಗೂ ಏನು ಸಂಬಂಧ ಅಂತೀರೇನು? ಅದ. ಪ್ರತಿ ಖಾಲಿ ಡಿಸ್ಕಿನ ಮ್ಯಾಲೆ ತಯಾರಿಸಿದೋರ ಒಂದು ಗುರ್ತಿನ ಸಂಖ್ಯೆ ಇರ್ತದ. ಡ್ರೈವಿನ ನೆನಪಿನಾಗ ಒಂದು ಪಟ್ಟಿ ಇರ್ತದ: ಈ ಡಿಸ್ಕಿಗೆ ಇಷ್ಟು ಉರಿ, ಆ ಡಿಸ್ಕಿಗೆ ಅಷ್ಟು ಉರಿ ಅಂತ. ಆ ಪಟ್ಟಿ ಡ್ರೈವ್ ತಯಾರಾದ ಕಾಲದ್ದು. ಅದರಾಗ ಇಲ್ಲದ ಡಿಸ್ಕ್ ಬಂದ್ರ ಡ್ರೈವ್ ಅಂದಾಜಿನ ಮ್ಯಾಲೆ ಬರೀತದ. ಪರಿಚಯ ಇಲ್ಲದ ಹಿಟ್ಟಿನಾಗ ರೊಟ್ಟಿ ಬಡದಂಗ.

ಮೊದಲನೇ ದ್ವಾಸಿ

ಬರಿಯೋ ಮೊದಲು ಡ್ರೈವ್ ಡಿಸ್ಕಿನ ಒಳಗಿನ ಅಂಚಿನಾಗ ಸಣ್ಣದೊಂದು ಪರೀಕ್ಷಾ ಮಾಡ್ತದ. ನಾವು ಹಂಚು ಕಾದದೇನು ಅಂತ ಮೊದಲನೇ ದ್ವಾಸಿ ಹಾಕಿ ನೋಡ್ತೀವಲ್ಲಾ, ಅದ. ಉರಿ ಹೆಚ್ಚು ಕಡಿಮಿ ಮಾಡಿ ಸುಟ್ಟು, ಓದಿ, ಯಾವುದು ಸರಿ ಅಂತ ಆರಿಸ್ತದ. ಎಷ್ಟು ಉರಿ ಏರಿಸಿದ್ರೂ ಗುರುತು ಸರಿ ಮೂಡದಿದ್ರ "ಪವರ್ ಕ್ಯಾಲಿಬ್ರೇಶನ್ ಎರರ್" ಬರ್ತದ. ಅಂದ್ರ ಹಿಟ್ಟು ಕೆಟ್ಟದ, ಇಲ್ಲಾ ಒಲಿ ಸೋತದ.

ಯಾವುದು ಅಂತ ಹಿಡೀಲಿಕ್ಕೆ ನಾ ಈ ಕ್ರಮದಾಗ ನೋಡ್ತೀನಿ.

ಮೊದಲು ಒಂದು ಖಾಲಿ ಸಿಡಿ ಬರ್ನ್ ಮಾಡ್ರಿ. ಸಿಡಿ ಸರಿ ಆಗಿ, ಡಿವಿಡಿ ಮಾತ್ರ ಕೆಟ್ರ ಆಶ್ಚರ್ಯ ಪಡಬ್ಯಾಡ್ರಿ. 780 ಮತ್ತು 650 ಎರಡಕ್ಕೂ ಬ್ಯಾರೆ ಬ್ಯಾರೆ ಲೇಸರ್ ಇರ್ತಾವ. ಒಂದು ಸೋತ್ರ ಇನ್ನೊಂದು ಗಟ್ಟಿ ಇರಬಹುದು.

ಎರಡನೇದು, ಬ್ಯಾರೆ ಕಂಪನಿಯ ಹೊಸ ಡಿವಿಡಿ ಒಂದ ತಂದು ನೋಡ್ರಿ. ಖಾಲಿ ಡಿಸ್ಕಿನ ಬಣ್ಣನೂ ಕುಂತಲ್ಲೇ ಹಳೇದಾಗ್ತದ. ಅಮೆರಿಕಾದ ಎನ್‌ಐಎಸ್‌ಟಿ ಸಂಸ್ಥೆಗೆ ಫ್ರೆಡ್ ಬೈಯರ್ಸ್ ಅನ್ನೋರು 2003ರಾಗ ಬರದ ಕೈಪಿಡಿಯೊಳಗ, ಖಾಲಿ ಡಿಸ್ಕಿಗೆ ತಯಾರಕರು ಹೇಳೋ ಆಯುಷ್ಯ 5ರಿಂದ 10 ವರ್ಷ ಅಂತ ಅದ. ಮದುವಿ ವರ್ಷ ಉಳದ ಡಿಸ್ಕ್ ಈಗ ಬಳಸೂದು ಬ್ಯಾಡ.

ಮೂರನೇದು, ವೇಗ ಇಳಸ್ರಿ. 1ಎಕ್ಸ್ ವೇಗದಾಗ ಸೆಕೆಂಡಿಗೆ ಸುಮಾರು 1.4 ಎಂಬಿ ಬರೀತದ, 16ಎಕ್ಸ್‌ನಾಗ 22 ಎಂಬಿ. ವೇಗ ಹೆಚ್ಚಾದಷ್ಟು ಚುಕ್ಕಿ ಸುಡಲಿಕ್ಕೆ ಸಿಗೋ ಸಮಯ ಕಡಿಮಿ, ಹಂಗಾಗಿ ಉರಿ ಹೆಚ್ಚು ಬೇಕು. ಸೋತ ಲೇಸರಿಗೆ ಅದು ಆಗೂದಿಲ್ಲ. 4ಎಕ್ಸ್ ಇಲ್ಲಾ 8ಎಕ್ಸ್ ಇಟ್ರ ಎಷ್ಟೋ ಹಳೇ ಡ್ರೈವ್ ಕೆಲಸ ಮಾಡ್ತಾವ.

ನಾಲ್ಕನೇದು ಧೂಳು. ಲ್ಯಾಪ್‌ಟಾಪಿನ ಡ್ರೈವ್ ಎಳದ್ರ ಟ್ರೇ ಮ್ಯಾಲೇನ ಸಣ್ಣ ಕಣ್ಣು ಕಾಣ್ತದ. ಫೋಟೋದವರ ಹತ್ರ ಇರೋ ಗಾಳಿ ಊದೋ ರಬ್ಬರಿನ ಬುರುಡಿಯಿಂದ ಊದ್ರಿ. ಬಾಯಿಂದ ಊದಿದ್ರ ಉಗುಳು ಸಿಡೀತದ, ಸೆರಗಿನಿಂದ ಒರಸಿದ್ರ ಗೀರು ಬೀಳ್ತದ. ಹೊರಗ ಹಚ್ಚೋ ಯುಎಸ್‌ಬಿ ಡ್ರೈವ್ ಇದ್ರ ನಡುವ ಹಬ್ ಇಲ್ಲದ ನೇರ ಕಂಪ್ಯೂಟರಿಗೇ ಚುಚ್ಚರಿ. ಕರೆಂಟ್ ಕಡಿಮಿ ಬಿದ್ರೂ ಬರವಣಿಗಿ ನಿಲ್ತದ.

ಇಷ್ಟೆಲ್ಲಾ ಆದ ಮ್ಯಾಲೂ ಕೆಟ್ರ ಲೇಸರ್ ಸೋತದ ಅಂತ ತಿಳೀರಿ.

ಬರೀಲಿಕ್ಕೆ ಬರದಿದ್ರೂ ಓದ್ತದ

ಇಲ್ಲೆ ಭಾಳ ಮಂದಿ ಡ್ರೈವ್ ಸತ್ತದ ಅಂತ ಗುಜರಿಗೆ ಹಾಕ್ತಾರ. ಹಾಕಬ್ಯಾಡ್ರಿ. ಓದಲಿಕ್ಕೆ ಬೇಕಾದ ಬೆಳಕಿನಕಿಂತ ಬರೀಲಿಕ್ಕೆ ಹತ್ತಾರು ಪಟ್ಟು ಹೆಚ್ಚು ಬೇಕು. ಅದಕ್ಕ ಬರಿಯೋ ಶಕ್ತಿ ಮೊದಲು ಹೋಗ್ತದ, ಓದೋ ಶಕ್ತಿ ಇನ್ನೂ ಸ್ವಲ್ಪ ದಿನ ಉಳೀತದ. ಕೊಡ ಹೊರಲಿಕ್ಕೆ ಆಗದ ಅಜ್ಜಿ ಕೂತಲ್ಲೇ ಕಥಿ ಹೇಳಿಧಂಗ.

ಬರ್ನ್ ಕೆಡಲಿಕ್ಕೆ ಹತ್ತಿದ್ದು ಅಂದ್ರ ಡ್ರೈವ್ ನಮಗ ಕೊಟ್ಟ ಮುನ್ಸೂಚನೆ. ಹೊಸಾ ಡಿಸ್ಕ್ ಸುಡೂದು ಬಿಟ್ಟು, ಹಳೇ ಡಿಸ್ಕ್ ಓದಿಸಿ ಕಂಪ್ಯೂಟರಿಗೆ ಇಳಿಸ್ಕೋರಿ. ಡಿವಿಡಿ ತಗದ್ರ "ವಿಡಿಯೋ ಟಿಎಸ್" ಅನ್ನೋ ಫೋಲ್ಡರ್ ಕಾಣ್ತದ, ಅದನ್ನ ಇಡಿಯಾಗಿ ಕಾಪಿ ಮಾಡಿ, ವರ್ಷ ಮತ್ತು ಹೆಸರು ಬರೀರಿ. ಒಂದು ಕಾಪಿ ಹಾರ್ಡ್ ಡಿಸ್ಕಿನಾಗ, ಇನ್ನೊಂದು ಬ್ಯಾರೆ ಊರಿನ ಮಕ್ಕಳ ಹತ್ರ.

ಯಾವುದು ಮೊದಲು ಅಂದ್ರ, ಫೋಟೋದವರು ಬರದು ಕೊಟ್ಟ ನೇರಳೆ ಡಿಸ್ಕ್ ಮೊದಲು. ಅವು ಮದರಂಗಿ ಜಾತಿ, ಮತ್ತ ಜಗತ್ತಿನಾಗ ಬ್ಯಾರೆ ಪ್ರತಿ ಇಲ್ಲ. ಅಂಗಡಿ ಸಿನಿಮಾ ಆಮ್ಯಾಲೆ, ಅವು ಕೊರದ ಜಾತಿ. ಹಳೇ ಕ್ಯಾಮೆರಾದ 8 ಸೆಂಟಿಮೀಟರಿನ ಪುಟಾಣಿ ಡಿವಿಡಿ ಇದ್ರ, "ಫೈನಲೈಸ್" ಮಾಡದಿದ್ರ ಕಂಪ್ಯೂಟರಿಗೆ ಅದು ಖಾಲಿ ಕಂಡಂಗ ಆಗ್ತದ. ಬರದ ಕ್ಯಾಮೆರಾದಾಗನ ಹಾಕಿ ಅದನ್ನ ಮುಗಿಸಬೇಕು. ಖಾಲಿ ಅಂತ ಒಗೀಬ್ಯಾಡ್ರಿ.

ಒಂದು ಡ್ರೈವ್‌ನಾಗ ತೊದಲೋ ಡಿಸ್ಕ್ ಇನ್ನೊಂದರಾಗ ಓದಬಹುದು, ಬಾಜು ಮನಿಯವರದೂ ಕೇಳಿ ನೋಡ್ರಿ. ಒರಸುವಾಗ ಮೆತ್ತನ ಬಟ್ಟಿಲೆ ನಡುವಿನಿಂದ ಅಂಚಿಗೆ ನೆಟ್ಟಗ ಒರಸ್ರಿ, ಪಾತ್ರಿ ತಿಕ್ಕಿಧಂಗ ಸುತ್ತು ತಿರಗಸಬ್ಯಾಡ್ರಿ. ಸುತ್ತು ಬಿದ್ದ ಗೀರು ಅಕ್ಷರದ ಸಾಲಿನ ಉದ್ದಕ್ಕೂ ಬೀಳ್ತದ. ಕಾಗದದ ಚೀಟಿ ಅಂಟಸಬ್ಯಾಡ್ರಿ, ಮೊದಲ ಅಂಟಿಸಿದ್ದು ಕೀಳಬ್ಯಾಡ್ರಿ. ಡಬ್ಬಿ ನೆಟ್ಟಗ ನಿಲ್ಲಿಸಿ, ಕಿಟಕಿ ಬಿಸಲಿನಿಂದ ದೂರ ಇಡ್ರಿ.

ಕಾಪಿ ಆದ ಮ್ಯಾಲೆ ಇನ್ನೊಂದು ಕೆಲಸ ಅದ. ಹಾಡು ಕೇಳಿಸ್ತಿರೋ ಕಡೆ ನಿಲ್ಲಿಸಿ, ಹಾಡಿದೋರು ಯಾರು, ಯಾರ ಮನಿಯವರು ಅಂತ ಒಂದು ವಹಿಯಾಗ ಬರದಿಡ್ರಿ. ಡಿಸ್ಕ್ ಓದೋ ಡ್ರೈವ್ ಇನ್ನೂ ಅಲ್ಲೆ ಇಲ್ಲೆ ಸಿಕ್ಕಾವು, ಆದ್ರ ಮುಖ ನೋಡಿ ಇವರು ಇಂಥಾವರು ಅಂತ ಹೇಳೋರು ನಮ್ಮ ಪೈಕಿ ಇನ್ನ ನಾಕೈದು ಮಂದಿ ಅಷ್ಟ ಇದ್ದಾರ.