ಕೋಲಾಚಲಂ ಶ್ರೀನಿವಾಸರಾವ್

ಕೋಲಾಚಲಂ ಶ್ರೀನಿವಾಸರಾವ್ (1854–1919): ಬಳ್ಳಾರಿಯ ವಕೀಲರು, ತೆಲುಗು ನಾಟಕಕಾರರು, ರಂಗಭೂಮಿಯ ಇತಿಹಾಸಕಾರರು. ಹುಟ್ಟಿದ್ದು ಹಂಪಿಯ ಮಗ್ಗುಲಿನ ಕಮಲಾಪುರದಲ್ಲಿ. ಹೊಸಪೇಟೆ, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳನ್ನು ಒಳಗೊಂಡ ಬಳ್ಳಾರಿ ಜಿಲ್ಲೆ ಆಗ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಹಳ್ಳಿಗಳಲ್ಲಿ ಕನ್ನಡದ ಬಯಲಾಟ ನಡೆಯುತ್ತಿದ್ದ ಕಾಲದಲ್ಲಿ ಬಳ್ಳಾರಿ ಪಟ್ಟಣದ ಕೋರ್ಟು ಕಚೇರಿಗಳ ಸುತ್ತ ತೆಲುಗು ಹವ್ಯಾಸಿ ರಂಗಭೂಮಿ ರೂಪುಗೊಂಡಿತು.

ಈ ರಂಗಭೂಮಿಯನ್ನು ಕಟ್ಟಿದವರಲ್ಲಿ ವಕೀಲರೇ ಪ್ರಮುಖರು. ಧರ್ಮವರಂ ರಾಮಕೃಷ್ಣಮಾಚಾರ್ಯರು (1853–1912) ಸರಸ ವಿನೋದಿನಿ ಸಭೆಯನ್ನು ಸ್ಥಾಪಿಸಿದರೆ, ಶ್ರೀನಿವಾಸರಾಯರು ಸುಮನೋರಮಾ ಸಭೆಯನ್ನು ಬೆಳೆಸಿದರು. ಎರಡೂ ಸಭೆಗಳ ಪೈಪೋಟಿಯಿಂದ ಹೊಸ ನಾಟಕಗಳು ಹುಟ್ಟಿದವು. ಸರಸ ವಿನೋದಿನಿ ಸಭೆ ಮದರಾಸಿನಲ್ಲಿ ನೀಡಿದ ಪ್ರದರ್ಶನಗಳಿಂದ ಪ್ರೇರಿತರಾಗಿ ಪಮ್ಮಲ್ ಸಂಬಂಧ ಮೊದಲಿಯಾರರು 1891ರಲ್ಲಿ ತಮಿಳಿನ ಸುಗುಣ ವಿಲಾಸ ಸಭೆಯನ್ನು ಆರಂಭಿಸಿದರು. ಅವರೂ ಮುಂದೆ ವಕೀಲರಾದರು.

ಧರ್ಮವರಂ ಅವರ ಒಲವು ಪುರಾಣದ ವಸ್ತುವಿನ ಕಡೆಗಿತ್ತು. ಶ್ರೀನಿವಾಸರಾಯರು ಇತಿಹಾಸಕ್ಕೆ ಹೊರಳಿದರು. ‘ರಾಮರಾಜು ಚರಿತ್ರ’ದ ವಸ್ತು 1565ರಲ್ಲಾದ ವಿಜಯನಗರದ ಪತನ. ‘ಮೈಸೂರು ರಾಜ್ಯಮು’, ‘ಚಾಂದ್ ಬೀಬಿ’ ಇತರ ಐತಿಹಾಸಿಕ ಕೃತಿಗಳು. ‘ಸುನಂದಿನೀ ಪರಿಣಯಮು’ ಮೊದಲಾದ ನಾಟಕಗಳನ್ನೂ ಬರೆದರು. ತೆಲುಗು ಸಾಹಿತ್ಯ ಚರಿತ್ರೆಯಲ್ಲಿ ಅವರಿಗೆ ‘ಚಾರಿತ್ರಿಕ ನಾಟಕ ಪಿತಾಮಹ’ ಎಂಬ ಹೆಸರಿದೆ. ‘ರಾಮರಾಜು ಚರಿತ್ರ’ದ ಪಠಾಣ್ ರುಸ್ತುಂ ಪಾತ್ರ ನಟ ಬಳ್ಳಾರಿ ರಾಘವರಿಗೆ (1880–1946) ಅಪಾರ ಕೀರ್ತಿ ತಂದಿತು. ಧರ್ಮವರಂ ಅವರ ಸೋದರಳಿಯನಾದ ರಾಘವರೂ ವೃತ್ತಿಯಿಂದ ವಕೀಲರೇ.

1908ರಲ್ಲಿ ಪ್ರಕಟವಾದ ‘ದಿ ಡ್ರಮ್ಯಾಟಿಕ್ ಹಿಸ್ಟರಿ ಆಫ್ ದಿ ವರ್ಲ್ಡ್’ ಶ್ರೀನಿವಾಸರಾಯರ ವಿದ್ವತ್ತಿನ ಮುಖ್ಯ ಫಲ. ಇಂಗ್ಲಿಷಿನಲ್ಲಿರುವ ಈ ಗ್ರಂಥ ಭಾರತದ ನಾಟಕ ಪರಂಪರೆಯನ್ನು ಇತರ ದೇಶಗಳ ರಂಗಚರಿತ್ರೆಯ ಜೊತೆಗಿಟ್ಟು ನೋಡುತ್ತದೆ. ವಿಶ್ವವಿದ್ಯಾಲಯಗಳಲ್ಲಿ ರಂಗಭೂಮಿಯ ಅಧ್ಯಯನ ಇನ್ನೂ ನೆಲೆಗೊಳ್ಳದಿದ್ದ ಕಾಲದಲ್ಲಿ ಜಿಲ್ಲಾ ಕೇಂದ್ರವೊಂದರ ವಕೀಲರು ಕೈಗೊಂಡ ಕೆಲಸವಿದು ಎಂಬುದೇ ಇದರ ಮಹತ್ವ.

ವಕೀಲಿಕೆ ಮತ್ತು ರಂಗಭೂಮಿಯ ಈ ನಂಟು ಈ ಸೀಮೆಯಲ್ಲಿ ಕನ್ನಡದಲ್ಲೂ ಮುಂದುವರಿಯಿತು. ಹೂವಿನಹಡಗಲಿಯಲ್ಲಿ ವಕೀಲರಾಗಿದ್ದು, ಬಳಿಕ ಉಪಮುಖ್ಯಮಂತ್ರಿಯಾದ ಎಂ.ಪಿ. ಪ್ರಕಾಶರು (1940–2011) ಅಲ್ಲಿನ ರಂಗಭಾರತಿ ಸಂಸ್ಥೆಯನ್ನು ಕಟ್ಟಿದರು. ಶ್ರೀನಿವಾಸರಾಯರ ಹುಟ್ಟೂರು ಕಮಲಾಪುರ, 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ರಚನೆಯಾದ ವಿಜಯನಗರ ಜಿಲ್ಲೆಯಲ್ಲಿದೆ.