ವಾಲ್ಟನ್ ಹಾಲ್‌ನ ಕತ್ತೆ

ನಾನಿರುವ ಲೀಡ್ಸ್‌ನಿಂದ ವೇಕ್‌ಫೀಲ್ಡ್‌ಗೆ ರೈಲಿನಲ್ಲಿ ಅರ್ಧ ಗಂಟೆಯೂ ಬೇಡ. ಅಲ್ಲಿನ ಮ್ಯೂಸಿಯಂನಲ್ಲಿ ಚಾರ್ಲ್ಸ್ ವಾಟರ್ಟನ್ (1782–1865) ಎಂಬ ಯಾರ್ಕ್‌ಶೈರ್ ಜಮೀನ್ದಾರ ದಕ್ಷಿಣ ಅಮೆರಿಕದಿಂದ ತಂದ ಮೊಸಳೆಯಿದೆ. ಅವನು ಅದರ ಬೆನ್ನೇರಿ ಕೂತ ಕಥೆ ಇಲ್ಲಿನ ಮಕ್ಕಳಿಗೂ ಗೊತ್ತು. ಮಲೆನಾಡಿನವನಾದ ನನಗೆ ಹಿಡಿಸಿದ್ದು ಅವನ ಹಾವುಗಳು.

1825ರಲ್ಲಿ ಅಚ್ಚಾದ ಪ್ರವಾಸ ಗ್ರಂಥದಲ್ಲಿ ಅವನು 14 ಅಡಿಯ ಹಾವೊಂದನ್ನು ಹಿಡಿದು, ತನ್ನ ಪ್ಯಾಂಟಿನ ಹೆಗಲಪಟ್ಟಿಯಿಂದಲೇ ಅದರ ಬಾಯಿ ಕಟ್ಟಿದ್ದನ್ನು ಹೇಳುತ್ತಾನೆ. ಇನ್ನೊಂದಕ್ಕೆ, ಅದು ಹತ್ತಡಿಯದು, ಟೋಪಿ ಸುತ್ತಿದ ಮುಷ್ಟಿಯಿಂದ ಮೂತಿಗೆ ಗುದ್ದಿ, ಅದು ತನ್ನ ಮೈಗೆ ಸುತ್ತಿಕೊಳ್ಳಲು ಬಿಟ್ಟನಂತೆ! ಹುಚ್ಚೇ ಸರಿ. ಆದರೆ ತಿಳಿದವನ ಹುಚ್ಚು: ಅದು ಬೋವಾ ಜಾತಿ, ನಮ್ಮ ಹೆಬ್ಬಾವಿನಂತೆ ವಿಷವಿಲ್ಲದ್ದು. ವಯಸ್ಸಾದ ಮೇಲೆ ಲೀಡ್ಸ್‌ನಲ್ಲಿ ವೈದ್ಯರ ಎದುರು ರ್ಯಾಟಲ್‌ಸ್ನೇಕ್‌ಗಳನ್ನು ಬರಿಗೈಯಲ್ಲಿ ಎತ್ತಿದಾಗ ಮಾತ್ರ ಹಲ್ಲು ತಾಗಿದ್ದರೆ ಮುಗಿದಿತ್ತು.

ಹೆಬ್ಬಾವು ಮೂಳೆ ಪುಡಿಮಾಡಿ ಕೊಲ್ಲುತ್ತದೆ ಎಂದು ನಮ್ಮೂರಲ್ಲಿ ಹೇಳುತ್ತಿದ್ದರು. ಉಸಿರುಗಟ್ಟಿಸುತ್ತದೆ ಎಂದು ಪುಸ್ತಕಗಳು ಹೇಳುತ್ತಿದ್ದವು. 2015ರಲ್ಲಿ ಪೆನ್ಸಿಲ್ವೇನಿಯಾದ ಡಿಕಿನ್ಸನ್ ಕಾಲೇಜಿನವರು ಬೋವಾ ಹಿಡಿತದಲ್ಲಿದ್ದ ಇಲಿಗಳ ರಕ್ತದೊತ್ತಡ ಅಳೆದರು. ಸುತ್ತು ಬಿಗಿದ ಕೆಲವೇ ಸೆಕೆಂಡುಗಳಲ್ಲಿ ರಕ್ತದ ಓಟವೇ ಕುಸಿಯುತ್ತದೆ. ಉಸಿರು ನಿಲ್ಲುವುದನ್ನು ಕಾಯಬೇಕಿಲ್ಲ. ಹಿಡಿದ ಜೀವದ ಎದೆಬಡಿತ ನಿಂತದ್ದು ಹಾವಿಗೆ ತಿಳಿಯುತ್ತದೆ, ಆಮೇಲೆ ಸಡಿಲಿಸುತ್ತದೆ.

ವಿಷದ ಹಾವಿಗೆ ಇಷ್ಟು ತೋಳ್ಬಲ (ತೋಳಿಲ್ಲದ್ದಕ್ಕೆ ಈ ಮಾತು ಸಲ್ಲದೇನೋ) ಬೇಕಿಲ್ಲ. ಕೊಳಕುಮಂಡಲ ಕಚ್ಚಿ ಬಿಟ್ಟುಬಿಡುತ್ತದೆ, ಇಲಿ ಓಡಿ ಬಿದ್ದಲ್ಲಿಗೆ ವಾಸನೆ ಹಿಡಿದು ಹೋಗುತ್ತದೆ. ಅದರ ವಿಷ ರಕ್ತದ ಹೆಪ್ಪುಗಟ್ಟುವಿಕೆಯನ್ನು ಕೆಡಿಸುವಂಥದು. ನಾಗರಹಾವು, ಕಟ್ಟುಹಾವುಗಳ ವಿಷ ನರದಿಂದ ಸ್ನಾಯುವಿಗೆ ಹೋಗುವ ಆಜ್ಞೆಯನ್ನು ತಡೆಯುತ್ತದೆ. ರೆಪ್ಪೆ ಏಳುವುದಿಲ್ಲ, ಮಾತು ಹೊರಡುವುದಿಲ್ಲ, ಕೊನೆಗೆ ಎದೆಗೂಡೂ ಅಲ್ಲಾಡುವುದಿಲ್ಲ. ಎದೆ ಬಡಿಯುತ್ತಲೇ ಇರುವ ಮನುಷ್ಯ ಹೆಣದಂತೆ ಕಾಣುತ್ತಾನೆ.

ವಾಟರ್ಟನ್ ಗಯಾನಾದಿಂದ ವೂರಾಲಿ ಎಂಬ ಬಾಣದ ವಿಷ ತಂದಿದ್ದ. ಅದರ ಸತ್ವ ಒಂದು ಬಳ್ಳಿಯದು, ಆದರೂ ಅಲ್ಲಿನವರು ಹಾವಿನ ಹಲ್ಲನ್ನೂ ಕುಟ್ಟಿ ಸೇರಿಸುತ್ತಿದ್ದರೆಂದು ಬರೆದಿದ್ದಾನೆ. ನಾಗರಹಾವಿನ ವಿಷ ಹಿಡಿಯುವ ಜಾಗವನ್ನೇ ಈ ಬಳ್ಳಿಯ ವಿಷವೂ ಹಿಡಿಯುತ್ತದೆ. 1814ರಲ್ಲಿ ಲಂಡನ್ನಿನಲ್ಲಿ ಒಂದು ಹೆಣ್ಣು ಕತ್ತೆಗೆ ಅದನ್ನು ಹಾಕಿದರು. ಹತ್ತು ನಿಮಿಷಕ್ಕೆ ಕತ್ತೆ ಸತ್ತಂತೆ ಬಿತ್ತು. ಗಂಟಲ ಕೊಳವೆ ಕೊಯ್ದು ತಿದಿಯಿಂದ ಗಾಳಿ ಊದಿದರು. ಎರಡು ಗಂಟೆಯ ಮೇಲೆ ತಲೆಯೆತ್ತಿತು. ತಿದಿ ನಿಲ್ಲಿಸಿದೊಡನೆ ಮತ್ತೆ ಬಿತ್ತು. ಇನ್ನೂ ಎರಡು ಗಂಟೆ ಊದಿದ ಮೇಲೆ ಎದ್ದು ನಡೆಯಿತು.

ಭಾರತದಲ್ಲಿ ಹಾವು ಕಚ್ಚಿ ವರ್ಷಕ್ಕೆ ಸುಮಾರು 58,000 ಜನ ಸಾಯುತ್ತಾರೆಂಬುದು 2020ರ ಅಂದಾಜು. ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಸಾರಿದ್ದು 2024ರಲ್ಲಿ. ನಾಗರ ಕಚ್ಚಿದವನಿಗೆ ಪ್ರತಿವಿಷದ ಜೊತೆ ಬೇಕಾಗುವುದು ಆ ತಿದಿಯೇ. ಈಗ ಅದನ್ನು ವೆಂಟಿಲೇಟರ್ ಎನ್ನುತ್ತೇವೆ. ತಾಲ್ಲೂಕಿನ ಆಸ್ಪತ್ರೆ ಮುಟ್ಟುವ ತನಕ ದಾರಿಯಲ್ಲಿ ಯಾರಾದರೂ ಉಸಿರು ಊದುತ್ತಿರಬೇಕು.

ಕತ್ತೆಗೆ ವೂರಾಲಿಯಾ ಎಂದೇ ಹೆಸರಿಟ್ಟರು. ವೇಕ್‌ಫೀಲ್ಡ್ ಹತ್ತಿರದ ವಾಲ್ಟನ್ ಹಾಲ್‌ನ ಹುಲ್ಲುಗಾವಲಲ್ಲಿ ಯಾವ ಹೊರೆಯೂ ಹೊರದೆ ಅದು 1839ರವರೆಗೆ ಬದುಕಿತು.