ಮೂರು ಸಲ ಹೇಳಿದರೂ ಕೇಳದ ಮಾತು

2010ರ ಮೇ 22, ಶನಿವಾರ. ಬೆಳಿಗ್ಗೆ 6 ಗಂಟೆ ಆಗಿ ಐದು ನಿಮಿಷ. ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812 ವಿಮಾನ ಮಂಗಳೂರಿನ ಬಜ್ಪೆ ನಿಲ್ದಾಣದ ರನ್‌ವೇ ದಾಟಿ ಕಮರಿಗೆ ಬಿದ್ದು ಹೊತ್ತಿ ಉರಿಯಿತು. ಒಳಗೆ ಇದ್ದದ್ದು 166 ಜನ. ಅವರಲ್ಲಿ 158 ಮಂದಿ ತೀರಿಕೊಂಡರು. ಬದುಕಿದವರು ಎಂಟೇ ಮಂದಿ.

ದಕ್ಷಿಣ ಕನ್ನಡ, ಉಡುಪಿ, ಭಟ್ಕಳ, ಕಾಸರಗೋಡು ಕಡೆಯ ಎಷ್ಟೋ ಊರುಗಳಲ್ಲಿ ಈ ದಿನವನ್ನು ಯಾರೂ ಮರೆತಿಲ್ಲ. ಗಲ್ಫ್‌ನಲ್ಲಿ ದುಡಿದು ರಜೆಗೆ ಬರುತ್ತಿದ್ದವರು, ಅವರ ಹೆಂಡತಿ ಮಕ್ಕಳು ಆ ವಿಮಾನದಲ್ಲಿದ್ದರು. ಆದರೆ ದುರಂತ ಯಾಕೆ ಆಯಿತು ಎಂದು ಕೇಳಿದರೆ ಬಹಳ ಜನ ಈಗಲೂ ಒಂದೇ ಉತ್ತರ ಕೊಡುತ್ತಾರೆ: "ಪೈಲಟ್ ನಿದ್ದೆ ಮಾಡಿದ್ದ." ಅದು ಸುಳ್ಳಲ್ಲ. ಆದರೆ ಪೂರ್ತಿ ಕತೆಯೂ ಅದಲ್ಲ. ಉಳಿದ ಕತೆಯನ್ನು ನಾವು ಇಲ್ಲಿ ಹೇಳುತ್ತೇವೆ.

ಮೊದಲು ಜಾಗದ ವಿಷಯ. ಬಜ್ಪೆಯಲ್ಲಿ ವಿಮಾನ ಇಳಿಯಲು ಶುರುವಾದದ್ದು 1951ರಲ್ಲಿ. ಗುಡ್ಡದ ತಲೆಯನ್ನು ಸಮ ಮಾಡಿ ಕಟ್ಟಿದ ನಿಲ್ದಾಣ ಅದು. ರನ್‌ವೇ ಮುಗಿದ ಮೇಲೆ ಸ್ವಲ್ಪ ಬಯಲು, ಆಮೇಲೆ ಇಳಿಜಾರು. ಮೇಜಿನ ಮೇಲೆ ಆಟಿಕೆ ಕಾರು ಓಡಿಸಿದ ಹಾಗೆ. ಅದಕ್ಕೇ ಇಂಥದ್ದಕ್ಕೆ 'ಟೇಬಲ್ ಟಾಪ್' ರನ್‌ವೇ ಎನ್ನುತ್ತಾರೆ. 1981ರಲ್ಲೇ ಇಂಡಿಯನ್ ಏರ್‌ಲೈನ್ಸ್‌ನ ವಿಮಾನವೊಂದು ಇಲ್ಲಿನ ಹಳೆಯ ರನ್‌ವೇ ದಾಟಿ ಹೋಗಿತ್ತು. ಆಗ ಯಾರೂ ಸಾಯಲಿಲ್ಲ.

ಮುಂದೆ ದೊಡ್ಡ ವಿಮಾನಗಳಿಗಾಗಿ ಹೊಸ ರನ್‌ವೇ ಯೋಜನೆ ಬಂತು. ವಿಮಾನ ಓಡುತ್ತಾ ಮುಂದೆ ಹೋದರೆ ನಿಲ್ಲಲು ಜಾಗ ಸಾಲದು ಎಂದು ಸ್ಥಳೀಯರು 1997ರಲ್ಲೇ ಹೈಕೋರ್ಟ್ ಮೆಟ್ಟಿಲು ಹತ್ತಿದರು. ಮತ್ತೊಮ್ಮೆ ಹೋದರು. 2003ರಲ್ಲಿ ಸುಪ್ರೀಂ ಕೋರ್ಟ್‌ನಲ್ಲೂ ಅವರ ಅರ್ಜಿ ನಿಲ್ಲಲಿಲ್ಲ. 2006ರಲ್ಲಿ ಹೊಸ ರನ್‌ವೇ ಶುರುವಾಯಿತು. ಉದ್ದ 8,033 ಅಡಿ. ಆ ವಿಮಾನಕ್ಕೆ ಈ ಉದ್ದ ಸಾಕಿತ್ತು ಎಂಬುದನ್ನೂ ಹೇಳಬೇಕು. ಅಂಥ ಎಷ್ಟೋ ವಿಮಾನಗಳು ದಿನವೂ ಅಲ್ಲಿ ಸುಖವಾಗಿ ಇಳಿಯುತ್ತಿದ್ದವು.

ಹಾಗಾದರೆ ಆ ದಿನ ಏನಾಯಿತು? ನಿವೃತ್ತ ಏರ್ ಮಾರ್ಷಲ್ ಬಿ.ಎನ್. ಗೋಖಲೆ ಅವರ ನೇತೃತ್ವದ ತನಿಖಾ ಸಮಿತಿ ಬ್ಲ್ಯಾಕ್ ಬಾಕ್ಸ್ ಕೇಳಿ, ಲೆಕ್ಕ ಹಾಕಿ ವರದಿ ಕೊಟ್ಟಿತು. ಕಾಕ್‌ಪಿಟ್‌ನ ಧ್ವನಿ ಸುಮಾರು ಎರಡು ಗಂಟೆ ಐದು ನಿಮಿಷ ದಾಖಲಾಗಿತ್ತು. ಅದರಲ್ಲಿ ಹತ್ತಿರ ಹತ್ತಿರ ಒಂದು ಗಂಟೆ ನಲವತ್ತು ನಿಮಿಷ ಕ್ಯಾಪ್ಟನ್ ಮಾತೇ ಇಲ್ಲ, ನಿದ್ದೆಯ ಉಸಿರಾಟ, ಗೊರಕೆ ಕೇಳುತ್ತದೆ. ಅವರಿಗೆ ಹತ್ತು ಸಾವಿರ ಗಂಟೆಗೂ ಮೀರಿದ ಹಾರಾಟದ ಅನುಭವ ಇತ್ತು. ಆದರೆ ಗಾಢ ನಿದ್ದೆಯಿಂದ ಎದ್ದ ತಕ್ಷಣ ಯಾರ ತಲೆಯೂ ಚುರುಕಾಗಿ ಓಡುವುದಿಲ್ಲ.

ಅದರ ಮೇಲೆ ನಿಲ್ದಾಣದ ರಾಡಾರ್ ಆ ದಿನ ಕೆಲಸ ಮಾಡುತ್ತಿರಲಿಲ್ಲ. ಹಾಗಾಗಿ ವಿಮಾನಕ್ಕೆ ಕೆಳಗಿಳಿಯಲು ಅನುಮತಿ ಸಿಕ್ಕಿದ್ದು ನಿಲ್ದಾಣಕ್ಕೆ ಮಾಮೂಲಿಗಿಂತ ಹತ್ತಿರ ಬಂದ ಮೇಲೆ. ರನ್‌ವೇಯ ನೇರಕ್ಕೆ ಬಂದಾಗ ಅದು ಇರಬೇಕಾದ ಎತ್ತರಕ್ಕಿಂತ ಸುಮಾರು ಎರಡು ಪಟ್ಟು ಮೇಲಿತ್ತು.

ಇಲ್ಲಿಂದ ಮುಂದಿನದೇ ಮುಖ್ಯ. ಪಕ್ಕದಲ್ಲಿ ಕೂತಿದ್ದ ಸಹ ಪೈಲಟ್‌ಗೆ ಇದು ಸರಿಯಿಲ್ಲ ಎಂದು ಗೊತ್ತಾಯಿತು. ಅವರು 'ಗೋ ಅರೌಂಡ್' ಎಂದು ಎಚ್ಚರಿಸಿದರು. ಅಂದರೆ, ಇಳಿಸುವುದು ಬೇಡ, ಮತ್ತೆ ಮೇಲಕ್ಕೆ ಹೋಗಿ ಸುತ್ತು ಹಾಕಿ ಬರೋಣ ಎಂದು. ಒಂದು ಸಲ ಅಲ್ಲ, ಮೂರು ಸಲ. ವಿಮಾನದ ಯಂತ್ರವೂ ಮತ್ತೆ ಮತ್ತೆ ಎಚ್ಚರಿಕೆ ಕೂಗಿತು. ಕ್ಯಾಪ್ಟನ್ ಇಳಿಸುವುದನ್ನು ಬಿಡಲಿಲ್ಲ.

ಚಕ್ರ ನೆಲ ಮುಟ್ಟಿದಾಗ 5,200 ಅಡಿ ರನ್‌ವೇ ಹಿಂದೆ ಉಳಿದಿತ್ತು. ಮುಂದೆ ಇದ್ದದ್ದು ಸುಮಾರು 2,800 ಅಡಿ ಮಾತ್ರ. ಆಗಲೂ ಪೂರ್ತಿ ಬ್ರೇಕ್ ಹಿಡಿದಿದ್ದರೆ ನಿಲ್ಲಿಸಬಹುದಿತ್ತು ಎನ್ನುತ್ತದೆ ವರದಿ. ಆದರೆ ಬ್ರೇಕ್ ಹಾಕಿದ ಮೇಲೆ ಕ್ಯಾಪ್ಟನ್ ಮನಸ್ಸು ಬದಲಿಸಿ ಮತ್ತೆ ಹಾರಿಸಲು ಎಂಜಿನ್ ವೇಗ ಹೆಚ್ಚಿಸಿದರು. ರನ್‌ವೇ ಮುಗಿಯಿತು. ಅದರಾಚೆ ಆಂಟೆನಾ ಕೂರಿಸಿದ್ದ ಕಾಂಕ್ರೀಟ್ ಕಟ್ಟೆಗೆ ರೆಕ್ಕೆ ಬಡಿದು, ವಿಮಾನ ಬೇಲಿ ಮುರಿದು ಕೆಳಗೆ ಬಿತ್ತು.

ಸಹ ಪೈಲಟ್ ತಾನೇ ಯಾಕೆ ಹಿಡಿತ ತೆಗೆದುಕೊಳ್ಳಲಿಲ್ಲ? ಲಾರಿಯ ಕ್ಲೀನರ್ "ಅಣ್ಣಾ, ನಿಲ್ಲಿಸು" ಎಂದು ಕೂಗಬಹುದೇ ಹೊರತು ಸ್ಟಿಯರಿಂಗ್‌ಗೆ ಕೈ ಹಾಕಲು ಆಗದು. ಆದರೆ ಸಹ ಪೈಲಟ್ ಕ್ಲೀನರ್ ಅಲ್ಲ. ಅವರಿಗೂ ತರಬೇತಿ ಇದೆ, ಅವರ ಮುಂದೆಯೂ ಅದೇ ಹಿಡಿಗಳಿವೆ. ಆದರೆ ಸಹ ಪೈಲಟ್ ಯಾವಾಗ ತಾನೇ ವಿಮಾನವನ್ನು ಮೇಲೆತ್ತಬಹುದು ಎಂಬ ಬಗ್ಗೆ ನಿಯಮಗಳಲ್ಲೇ ಗೊಂದಲ ಇತ್ತು, ಅದೂ ಒಂದು ಕಾರಣ ಇರಬಹುದು ಎಂದಿತು ಸಮಿತಿ.

ಆಮೇಲಿನ ದಿನಗಳು ಇನ್ನೂ ಕಷ್ಟದವು. ಸುಟ್ಟು ಹೋದ ದೇಹಗಳಲ್ಲಿ ತಮ್ಮವರು ಯಾರು ಎಂದು ಮನೆಯವರು ಹುಡುಕಬೇಕಾಯಿತು. ಡಿಎನ್‌ಎ ಪರೀಕ್ಷೆ ಮಾಡಿಸಿದರೂ 12 ದೇಹಗಳ ಗುರುತು ಸಿಗಲಿಲ್ಲ. ಅವನ್ನು ಮಂಗಳೂರಿನ ಕೂಳೂರಿನ ಬಳಿ ಹೊಳೆ ಬದಿಯಲ್ಲಿ ಒಟ್ಟಿಗೆ ಮಣ್ಣು ಮಾಡಿದರು. ಈಗ ಅಲ್ಲಿ ಸ್ಮಾರಕ ಇದೆ.

ನಂತರ ಪರಿಹಾರದ ಹೋರಾಟ. ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ ಸೇರಿದ್ದು 2009ರಲ್ಲಿ. ಅದರ ಪ್ರಕಾರ ಪ್ರತಿಯೊಬ್ಬರಿಗೂ ಕನಿಷ್ಠ ಸುಮಾರು 75 ಲಕ್ಷ ರೂಪಾಯಿ ಸಿಗಬೇಕು ಎಂದು 2011ರಲ್ಲಿ ಕೇರಳ ಹೈಕೋರ್ಟ್‌ನ ಏಕಸದಸ್ಯ ಪೀಠ ಹೇಳಿತು. ಅದೇ ವರ್ಷ ವಿಭಾಗೀಯ ಪೀಠ ಆ ಆದೇಶವನ್ನು ತಳ್ಳಿಹಾಕಿತು. ಕನಿಷ್ಠ ಎಂಬುದಿಲ್ಲ, ಎಷ್ಟು ನಷ್ಟವಾಗಿದೆಯೋ ಅಷ್ಟು ತೋರಿಸಿ ಪಡೆಯಬೇಕು ಎಂದಿತು. ದೊಡ್ಡ ಸಂಬಳದ ಹುದ್ದೆಯಲ್ಲಿದ್ದ ಒಬ್ಬರ ಕುಟುಂಬಕ್ಕೆ 7.64 ಕೋಟಿ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2020ರ ಮೇ ತಿಂಗಳಲ್ಲಿ, ಅಂದರೆ ಹತ್ತು ವರ್ಷ ಕಳೆದ ಮೇಲೆ. ಸಂಬಳದ ಲೆಕ್ಕದಲ್ಲಿ ಜೀವದ ಬೆಲೆ ಕಟ್ಟಿದರೆ, ದುಬೈನಲ್ಲಿ ಗಾರೆ ಕೆಲಸ ಮಾಡುವವನ ಮನೆಗೆ ಎಷ್ಟು ಸಿಕ್ಕೀತು ಎಂದು ನೀವೇ ಯೋಚಿಸಿ. ಮನೆಯವರು ವಿದೇಶದಲ್ಲಿದ್ದರೆ ಅವರ ಸಂಬಳದ ಚೀಟಿ, ಕೆಲಸದ ಕರಾರು ಪತ್ರದ ಒಂದು ಪ್ರತಿ ಊರಿನ ಮನೆಯಲ್ಲೂ ಇರಲಿ ಎಂದು ನಾವು ಹೇಳುವುದು ಇದಕ್ಕೇ.

ಆ ತೀರ್ಪು ಬಂದು ಮೂರು ತಿಂಗಳೂ ಆಗಿರಲಿಲ್ಲ. 2020ರ ಆಗಸ್ಟ್ 7ರ ರಾತ್ರಿ, ಸುರಿಯುವ ಮಳೆಯಲ್ಲಿ ಕೇರಳದ ಕೋಝಿಕ್ಕೋಡ್ ನಿಲ್ದಾಣದಲ್ಲಿ ಇನ್ನೊಂದು ವಿಮಾನ ಇಳಿಯಿತು. ಅದೇ ಕಂಪನಿ, ಅದೇ ಬೋಯಿಂಗ್ 737, ಅದೂ ದುಬೈನಿಂದಲೇ ಬಂದದ್ದು. ಅಲ್ಲಿಯದೂ ಟೇಬಲ್ ಟಾಪ್ ರನ್‌ವೇ. ಅರ್ಧ ರನ್‌ವೇ ಕಳೆದ ಮೇಲೆ ಚಕ್ರ ನೆಲ ಮುಟ್ಟಿತು. ವಿಮಾನ ಕೆಳಗೆ ಬಿದ್ದು ತುಂಡಾಯಿತು. ಬೆಂಕಿ ಹತ್ತಲಿಲ್ಲ. 190 ಜನರಲ್ಲಿ ಇಬ್ಬರು ಪೈಲಟ್‌ಗಳೂ ಸೇರಿ 21 ಮಂದಿ ಸತ್ತರು. ಕೊರೊನಾ ಭಯ ಇದ್ದರೂ ಸುತ್ತಲಿನ ಊರಿನವರು ಓಡಿ ಬಂದು ಗಾಯಾಳುಗಳನ್ನು ಆಸ್ಪತ್ರೆಗೆ ಸಾಗಿಸಿದರು.

ಆ ತನಿಖೆಯ ವರದಿ ಓದಿದರೆ ಮಂಗಳೂರಿನದೇ ಓದಿದ ಹಾಗಾಗುತ್ತದೆ. ಅಲ್ಲೂ ಪಕ್ಕದಲ್ಲಿದ್ದ ಪೈಲಟ್ 'ಗೋ ಅರೌಂಡ್' ಎಂದಿದ್ದರು. ಅಲ್ಲೂ ಮಾತು ನಡೆಯಲಿಲ್ಲ. ಅಲ್ಲೂ ಅವರು ತಾವೇ ಹಿಡಿತ ತೆಗೆದುಕೊಳ್ಳಲಿಲ್ಲ.

ಹತ್ತು ವರ್ಷದಲ್ಲಿ ವರದಿ ಬಂತು, ಶಿಫಾರಸು ಬಂತು. ಆದರೆ ದೊಡ್ಡವರು ತಪ್ಪುತ್ತಿರುವಾಗ ಚಿಕ್ಕವರು ತಡೆಯಬಹುದು ಎಂಬ ಧೈರ್ಯ ಕಾಗದದಿಂದ ಬರುವುದಿಲ್ಲ. ಅದನ್ನು ಕಲಿಸಬೇಕು, ತಡೆದವರ ಬೆನ್ನು ತಟ್ಟಬೇಕು.

ಪ್ರಯಾಣಿಕರಾದ ನಮ್ಮ ಪಾಲಿನದೂ ಸ್ವಲ್ಪ ಇದೆ. ನೆಲ ಮುಟ್ಟುವ ಹೊತ್ತಿಗೆ ವಿಮಾನ ಒಮ್ಮೆಲೇ ಮೇಲೆದ್ದು ಸುತ್ತು ಹಾಕಿದರೆ ಹೊಟ್ಟೆ ತೊಳಸುತ್ತದೆ, ಅರ್ಧ ಗಂಟೆ ತಡವಾಗುತ್ತದೆ. ಹೊರಗೆ ಕಾಯುವ ಮನೆಯವರಿಗೆ ಗಾಬರಿಯಾಗುತ್ತದೆ. ಆಗ ಪೈಲಟ್‌ಗೆ ಬೈಯಬೇಡಿ. ಒಳಗೆ ಯಾರೋ ಒಬ್ಬರು "ಬೇಡ" ಎಂದಿದ್ದಾರೆ, ಇನ್ನೊಬ್ಬರು ಅದನ್ನು ಕೇಳಿದ್ದಾರೆ.